ನೂರೊಂದು ವಿಭೂತಿ ಗಟ್ಟಿ

"ಆಗ್ಲಿ ಬುದ್ಧಿ, ನೂರೊಂದು ಗಟ್ಟಿ ತಂದು ಪಾದಕ್ಕೆ ಒಪ್ಪಿಸ್ತೀನಿ" ಎಂದು ತೀರ್ಥಪ್ಪನವರು ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟರು. ಹೇಳುವಾಗ ಎದೆ ಉಬ್ಬಿತ್ತು, ಕಣ್ಣು ತುಂಬಿತ್ತು. ಮಠದ ಮೆಟ್ಟಿಲಿಳಿದು, ಅಜ್ಜಂಪುರದ ಬಸ್ಸು ಹತ್ತಿ, ಕಿಟಕಿಯ ಗಾಳಿ ಮುಖಕ್ಕೆ ಬಡಿದ ಮೇಲೆಯೇ ಅವರಿಗೆ ಜ್ಞಾಪಕ ಬಂದದ್ದು: ಮನೆಯಲ್ಲಿರುವುದು ಒಂದೇ ಗಟ್ಟಿ.

ಆ ಗಟ್ಟಿ ಮಾಡಿದವರು ಅವರ ಹೆಂಡತಿ ಮಲ್ಲಿಕಾಂಬ. ನಲವತ್ತು ವರ್ಷ ಆಕೆ ಹಿತ್ತಲಲ್ಲೇ ಸಗಣಿಯುಂಡೆ ಸುಟ್ಟು, ಬೂದಿ ಸೋಸಿ, ಮಠಕ್ಕೂ ಮನೆಗೂ ನೆಂಟರಿಗೂ ವಿಭೂತಿ ಮಾಡಿಕೊಟ್ಟವರು. ಹಾಲಿನ ಕೆನೆಯಂಥ ಬಿಳುಪು, ಹಣೆಗಿಟ್ಟರೆ ತಂಪು, ಹುಡುಕಿದರೂ ಒಂದು ಬಿರುಕಿಲ್ಲ. ಹೋದ ಆಶ್ವಯುಜದಲ್ಲಿ ಮೂರೇ ದಿನದ ಜ್ವರಕ್ಕೆ ಲಿಂಗೈಕ್ಯರಾದರು. ವರ್ಷದ ಸ್ಮರಣೆಯನ್ನು ಮಠದಲ್ಲೇ ಮಾಡೋಣವೆಂದು ಸ್ವಾಮಿಗಳು ಅಪ್ಪಣೆ ಕೊಡಿಸಿ, "ಬಂದವರಿಗೆಲ್ಲ ಆ ತಾಯಿ ಮನೆಯ ಒಂದೊಂದು ಗಟ್ಟಿ ಸಿಕ್ಕಿದ್ರೆ ಎಷ್ಟು ಚಂದ, ತೀರ್ಥಪ್ಪ" ಎಂದಿದ್ದರು. ಮನೆಯಲ್ಲಿ ರಾಶಿ ಇದೆಯೆಂದು ಅವರು ತಿಳಿದಿರಬೇಕು. ಹೆಂಡತಿಯ ಹೆಸರನ್ನು ಸ್ವಾಮಿಗಳ ಬಾಯಲ್ಲಿ ಕೇಳಿದ ಸಂತೋಷದಲ್ಲಿ ತೀರ್ಥಪ್ಪನವರಿಗೆ ಬೇರೇನೂ ಹೊಳೆಯಲಿಲ್ಲ.

ಉಳಿದ ಒಂದು ಗಟ್ಟಿಯನ್ನು ಅವರು ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ಪೆಟ್ಟಿಗೆಯಲ್ಲಿಟ್ಟಿದ್ದರು. ಹಣೆಗೆ ಅಂಗಡಿಯ ವಿಭೂತಿ. ಪೂಜೆ ಮುಗಿದ ಮೇಲೆ ಮಾತ್ರ ಆ ಬಟ್ಟೆ ಬಿಚ್ಚಿ, ಒಮ್ಮೆ ಮೂಸಿ, ಮತ್ತೆ ಸುತ್ತಿಡುವರು. ಒಣಗಿದ, ಚೂರು ಖಾರದಂಥ, ಹೆಸರಿಲ್ಲದ ಒಂದು ವಾಸನೆ ಅದಕ್ಕಿತ್ತು. ಅದು ಅವಳ ಕೈಯ ವಾಸನೆ ಎಂದು ಅವರು ನಂಬಿದ್ದರು.

ಮಧ್ಯಾಹ್ನದ ಊಟಕ್ಕೆ ಮಗ ಸಿದ್ದಲಿಂಗೇಶ್ ಬಂದ. ಅವನದು ಈರುಳ್ಳಿ ವ್ಯಾಪಾರ; ಹಿತ್ತಲ ಕೊನೆಯಲ್ಲೇ ಶೆಡ್ಡು. ಬಚ್ಚಲಲ್ಲಿ ಮೂರು ಸಲ ಕೈ ತೊಳೆದು, ಅಂಗಿ ಬದಲಿಸಿ ಒಳಗೆ ಬರುವುದು ಮನೆಯ ಕಟ್ಟಳೆ. ಮೂವತ್ತು ವರ್ಷದ ಹಿಂದೆ ದೊಡ್ಡ ಸ್ವಾಮಿಗಳ ಮುಂದೆ ತೀರ್ಥಪ್ಪನವರು ಈರುಳ್ಳಿ ಬಿಟ್ಟಿದ್ದರು. ಅಂದಿನಿಂದ ಅದು ಹೊಸಿಲು ದಾಟಿಲ್ಲ. ಮಕ್ಕಳಿಗೆ ಬೇಕಾದರೆ ಹಿತ್ತಲಲ್ಲೊಂದು ಬೇರೆ ಒಲೆ.

"ನೂರೊಂದಾ?" ಸಿದ್ದಲಿಂಗೇಶನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅಪ್ಪಾಜಿ, ಹೇಳೋಕೆ ಮುಂಚೆ ಒಂದು ಫೋನ್ ಮಾಡಬಾರದಿತ್ತಾ?"

"ಸ್ವಾಮಿಗಳು ಕೇಳ್ತಿರೋವಾಗ ಫೋನ್ ತೆಗೀಲೇನೋ?"

"ಮಾಡೋರು ಯಾರು ಈಗ?"

"ನಾವೇ ಮಾಡೋಣ!" ಎಂದಳು ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಧನ್ಯಶ್ರೀ. "ಅಜ್ಜಿ ಮಾಡೋದನ್ನ ಎಲ್ಲರೂ ನೋಡಿದ್ದೀವಲ್ಲ ತಾತ!"

ಸೊಸೆ ಸುಮನಾ ಸಾರಿನ ಸೌಟು ಹಿಡಿದು ನಿಂತಿದ್ದಳು. ಏನೋ ಹೇಳಹೋಗಿ, ಸುಮ್ಮನೆ ಗಂಡನ ತಟ್ಟೆಗೆ ಸಾರು ಬಡಿಸಿದಳು.

ತೀರ್ಥಪ್ಪನವರಿಗೆ ಅಷ್ಟೇ ಬೇಕಾಗಿತ್ತು. ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಕೊಟ್ಟ ಮನುಷ್ಯ. ಹೊತ್ತಿಗೆ ಸರಿಯಾಗಿ ಆಗಬೇಕಾದ ಕೆಲಸವೊಂದು ಎದುರಿಗೆ ಬಂದರೆ ಮೈಗೆ ಚುರುಕು. ಕೈ ತೊಳೆದವರೇ ಸೀಮೆಸುಣ್ಣ ಹುಡುಕಿ ಹಿತ್ತಲ ಬಾಗಿಲ ಮೇಲೆ ದೊಡ್ಡದಾಗಿ ನಲವತ್ತೆರಡು ಎಂದು ಬರೆದರು. ಉಳಿದ ದಿನ ಅಷ್ಟೇ. ವರ್ಷದಿಂದ ಮಂಕಾಗಿ ಕೂತಿದ್ದ ಮುದುಕರು ಅಂದು ಸಂಜೆ ಬೂದಿ ಸೋಸುವ ಹಿತ್ತಾಳೆ ಕೊಳಗವನ್ನು ತಾವೇ ಹುಣಿಸೆಹಣ್ಣು ಹಾಕಿ ಉಜ್ಜಿದರು.

ತರೀಕೆರೆಗೆ ಕೊಟ್ಟಿದ್ದ ಮಗಳು ಅಮೂಲ್ಯಾಳಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಅವಳ ದನಿ ಮನೆಯಲ್ಲೆಲ್ಲ ಕೇಳಿತು. "ಅಮ್ಮನ ಕೆಲಸ ನಂಗೆ ಬಾಯಿಪಾಠ ಅಪ್ಪಾಜಿ. ಭಾನುವಾರ ಬತ್ತೀನಿ. ಅಲ್ಲೀವರ್ಗೂ ಅತ್ತಿಗೆ ಏನೂ ಮುಟ್ಬಾರ್ದು ಅಂತ ಹೇಳಿ."

"ಹದಿನಾರು ವರ್ಷ ಅವರ ಪಕ್ಕ ಕೂತು ನಾನು ನೊಣ ಹೊಡೀತಿದ್ದೆ ಅಂತ ಹೇಳ್ರಿ" ಎಂದಳು ಸುಮನಾ ಅಡಿಗೆಮನೆಯಿಂದ, ಗಂಡನಿಗೆ.

ಮೂರನೆಯ ದಿನ ತೀರ್ಥಪ್ಪನವರು ಮಗನ ಗೂಡ್ಸ್ ಗಾಡಿ ಹತ್ತಿ ಎಮ್ಮೆದೊಡ್ಡಿಗೆ ಹೊರಟರು. ಮಲ್ಲಿಕಾಂಬ ವರ್ಷಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದುದು ಅಲ್ಲಿನ ಕಾಮಾಕ್ಷಮ್ಮನ ಮನೆಗೆ. ದನ ಮೇಯುವ ಕಾವಲಿನ ಅಂಚಿನಲ್ಲಿ ಮನೆ, ಎಂಟು ದನ, ಬರೀ ಹುಲ್ಲು ಮೇಯುವ ಜಾತಿ. ಹಿಂಡಿ ಬೂಸಾ ತಿಂದ ದನದ ಸಗಣಿ ಬೂದಿ ಕಪ್ಪಗಾಗುತ್ತದೆಂದು ಮಲ್ಲಿಕಾಂಬ ಹೇಳುತ್ತಿದ್ದರು.

ಕಾಮಾಕ್ಷಮ್ಮ ಇವರನ್ನು ಕಂಡವಳೇ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಕೊಟ್ಟಿಗೆಯ ಅಟ್ಟ ತೋರಿಸಿದಳು. ಒಣಗಿದ ಸಗಣಿಯುಂಡೆಗಳು, ಹನ್ನೊಂದು ಚೀಲ.

"ಅಮ್ಮಾರು ಬತ್ತಾರೆ ಅಂತ ಬೇಸಿಗೇಲೇ ತಟ್ಟಿ ಒಣಗ್ಸಿಟ್ಟಿದ್ದೆ ಯಜಮಾನ್ರೇ. ಯಾಕೋ ಬರ್ಲಿಲ್ಲವಲ್ಲ ಅಂತ ಸುಮನಮ್ಮಂಗೆ ಫೋನ್ ಮಾಡಿದ್ರೆ ಹಿಂಗಂದ್ರು. ಒಲೆಗೆ ಹಾಕಾಕೆ ಮನ್ಸು ಬರ್ಲಿಲ್ಲ. ಹಂಗೇ ಅವೆ."

ತೀರ್ಥಪ್ಪನವರು ಚೀಲಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಹನ್ನೊಂದು ಚೀಲ! ಶಿವನೇ ಎತ್ತಿಟ್ಟ ಹಾಗಿತ್ತು.

"ಆದ್ರೆ ಮೊದಲ್ನೇ ಹಿಡಿ ಹಸೀದಾಗ್ಬೇಕು, ನೆಲಕ್ಕೆ ಬೀಳ್ಬಾರ್ದು" ಎಂದಳು ಕಾಮಾಕ್ಷಮ್ಮ. "ಅಮ್ಮಾರು ಎಲೇಲೇ ಹಿಡೀತಿದ್ರು. ತಗಳಿ."

ಮುತ್ತುಗದ ಎಲೆಯೊಂದು ತೀರ್ಥಪ್ಪನವರ ಕೈಗೆ ಬಂತು. ಎದುರಿಗೆ ಉದ್ದ ಕೊಂಬಿನ ಬೂದುಬಣ್ಣದ ಹಸು. ಅದರ ಕಣ್ಣಿನಲ್ಲಿ ಸ್ನೇಹವೇನೂ ಇರಲಿಲ್ಲ.

"ಅಪ್ಪಾಜಿ, ನಾನು ಹಿಡೀತೀನಿ ಬಿಡಿ" ಎಂದ ಸಿದ್ದಲಿಂಗೇಶ್.

"ನಿಂದು ಈರುಳ್ಳಿ ಕೈ. ದೂರ ನಿಲ್ಲು."

ಹಸು ನಡೆಯಿತು; ಅವರೂ ನಡೆದರು. ಹಸು ನಿಂತಿತು, ಅವರೂ ನಿಂತರು. ಹೀಗೆ ಅರ್ಧ ಗಂಟೆ. ಆಮೇಲೆ ಕಾಮಾಕ್ಷಮ್ಮ ಜಗಲಿಯಿಂದ ಕೂಗಿದಳು: "ಬಾಲ ಎತ್ತಿದ್ಲು ಯಜಮಾನ್ರೇ! ಓಡಿ, ಓಡಿ!" ಎಪ್ಪತ್ತಮೂರರ ತೀರ್ಥಪ್ಪನವರು ಪಂಚೆ ಮೊಣಕಾಲಿಗೆ ಎತ್ತಿಕಟ್ಟಿ ಓಡಿದರು. ಹಸುವೂ ಓಡಿತು. ಬೇಲಿಯ ಹತ್ತಿರ ಅದು ತಿರುಗುವಷ್ಟರಲ್ಲಿ ಎರಡು ಕೈ ಚಾಚಿ ಎಲೆ ಒಡ್ಡಿಯೇಬಿಟ್ಟರು. ಅರ್ಧ ಎಲೆಗೆ, ಅರ್ಧ ಅಂಗಿಯ ತೋಳಿಗೆ.

"ಸಿಕ್ತು! ಸಿದ್ದಲಿಂಗ, ಸಿಕ್ತು ಕಣೋ!" ಎಂದು ಅವರು ಕೂಗಿದ ಕೂಗಿಗೆ ಕೊಟ್ಟಿಗೆಯ ಕೋಳಿಗಳು ಹಾರಿದವು. ಅಪ್ಪ ಹೀಗೆ ನಗುವುದನ್ನು ಸಿದ್ದಲಿಂಗೇಶ್ ವರ್ಷದಿಂದ ನೋಡಿರಲಿಲ್ಲ.

ಕಾಮಾಕ್ಷಮ್ಮ ಊಟಕ್ಕೆ ಎಬ್ಬಿಸಿದಳು. "ಉಂಡೇ ಹೋಗ್ಬೇಕು. ಅಮ್ಮಾರು ಯಾವತ್ತೂ ಉಣ್ಣದೆ ಹೋದೋರಲ್ಲ."

"ಮಲ್ಲಿಕಾಂಬ? ಇಲ್ಲಿ?" ಹೊರಗೆ ಎಲ್ಲೂ ಒಂದು ತುತ್ತು ಮುಟ್ಟದವಳು ತನ್ನ ಹೆಂಡತಿ ಎಂದು ತೀರ್ಥಪ್ಪನವರು ಹತ್ತು ಜನರ ಮುಂದೆ ಹೇಳಿಕೊಂಡಿದ್ದರು.

"ಇದೇ ಕಂಬಕ್ಕೆ ಒರಗಿ ಕೂರೋರು. ಮುದ್ದೆ, ಹುರುಳಿ ಸಾರು. ಜೊತೆಗೊಂದು ಹಸಿ ಈರುಳ್..." ಕಾಮಾಕ್ಷಮ್ಮ ನಾಲಗೆ ಕಚ್ಚಿಕೊಂಡಳು. "ಹುರುಳಿ ಸಾರು ಅಂದ್ರೆ ಬಲು ಆಸೆ ಅವ್ರಿಗೆ."

ಸಿದ್ದಲಿಂಗೇಶ್ ತಲೆ ಬಗ್ಗಿಸಿ ಮುದ್ದೆ ಮುರಿಯತೊಡಗಿದ. ತೀರ್ಥಪ್ಪನವರು ಕಂಬವನ್ನೊಮ್ಮೆ ನೋಡಿದರು. ಅಲ್ಲೇ ಒರಗಿ ಕೂತು ಎರಡು ಮುದ್ದೆ ಉಂಡರು.

ಭಾನುವಾರ ಅಮೂಲ್ಯಾ ಬಂದಳು. ಹಿತ್ತಲ ಗುಂಡಿಯಲ್ಲಿ ಭತ್ತದ ಹೊಟ್ಟು ಹಾಸಿ, ಎಲೆಯಲ್ಲಿ ಹಿಡಿದದ್ದನ್ನು ಮೊದಲಿಟ್ಟು, ಉಂಡೆ ಜೋಡಿಸಿ, ಬಿಲ್ವಪತ್ರೆ ಇಟ್ಟು ತೀರ್ಥಪ್ಪನವರು ಬೆಂಕಿ ಕೊಟ್ಟರು. ಎರಡು ದಿನ ಒಳಗೊಳಗೇ ಬೆಂದು ಉಂಡೆಗಳು ಬೆಳ್ಳಗಾದವು. ಅವನ್ನು ಕೊಳಗದ ನೀರಿನಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿ, ತಳದಲ್ಲಿ ಕೂತ ಬಿಳಿ ಮಡ್ಡಿಯನ್ನು ಹಿಂಡಿ ಗಟ್ಟಿ ತಟ್ಟಬೇಕು. ನಾದಿನಿ ಅತ್ತಿಗೆ ಎದುರುಬದುರು ಕೂತು ತಟ್ಟಿದರು. ಕೈ ತಟ್ಟಿದಷ್ಟೇ ಜೋರಾಗಿ ಬಾಯಿಯೂ.

"ಅತ್ತಿಗೆ, ಅಮ್ಮ ಇಷ್ಟು ದಪ್ಪ ತಟ್ಟುತ್ತಿರಲಿಲ್ಲ."

"ನೀನು ಹಬ್ಬಕ್ಕೆ ಬಂದಾಗ ತೆಳ್ಳಗೆ ತಟ್ಟೋರು ಅಮೂಲ್ಯಾ. ಮಿಕ್ಕ ದಿನ ದಪ್ಪಕ್ಕೇ ತಟ್ಟೋರು."

"ಕೇಳಿದ್ರಾ ಅಪ್ಪಾಜಿ?"

"ನಂಗೇನೂ ಕೇಳಲ್ಲ. ತಟ್ಟಿ, ತಟ್ಟಿ!" ತೀರ್ಥಪ್ಪನವರು ಎಣಿಸುತ್ತಿದ್ದರು. ನೂರೊಂದಕ್ಕೆ ನಿಲ್ಲಿಸದೆ ನೂರಹತ್ತಾದವು. ಬಾಗಿಲ ಮೇಲೆ ಇಪ್ಪತ್ತೊಂಬತ್ತು. ಅವರು ಧನ್ಯಶ್ರೀಗೆ ಐಸ್‌ಕ್ರೀಮಿಗೆ ದುಡ್ಡು ಕೊಟ್ಟರು.

"ಎಲ್ಲಿ ಒಣಗಿಸೋದು?" ಎಂದ ಸಿದ್ದಲಿಂಗೇಶ್.

"ತಾರಸಿ ಮೇಲೆ, ಮತ್ತೆಲ್ಲಿ?" ಎಂದಳು ಅಮೂಲ್ಯಾ. ಸುಮನಾ ಮಾವನ ಮುಖ ನೋಡಿದಳು, ಗಂಡನ ಮುಖ ನೋಡಿದಳು. "ಬಿಸಿಲು ಜಾಸ್ತಿ ಆಗಲ್ವಾ..." ಎಂದಳು, ಅರ್ಧ ದನಿಯಲ್ಲಿ. ಯಾರಿಗೂ ಕೇಳಲಿಲ್ಲ.

ಎರಡನೆಯ ದಿನ ಮಧ್ಯಾಹ್ನಕ್ಕೆ ಗಟ್ಟಿಗಳು ಬಿರಿದವು. ಸಂಜೆಗೆ ಮುಟ್ಟಿದರೆ ಹೋಳಾದವು. ನೂರಹತ್ತರಲ್ಲಿ ನೆಟ್ಟಗೆ ಉಳಿದದ್ದು ಆರು.

"ದಪ್ಪ ತಟ್ಟಿದ್ದಕ್ಕೇ ಹೀಗಾಗಿದ್ದು!"

"ಬಿಸಿಲಿಗಿಟ್ಟಿದ್ದಕ್ಕೇ ಹೀಗಾಗಿದ್ದು!"

"ಹಂಗಾದ್ರೆ ಅಮ್ಮ ಎಲ್ಲಿಡ್ತಿದ್ರು, ಹೇಳಿ ಅತ್ತಿಗೆ. ಹದಿನಾರು ವರ್ಷ ನೋಡಿದ್ದೀರಲ್ಲ!"

ಸುಮನಾ ಎದ್ದಳು. ಕೊಳಗಕ್ಕೆ ನೀರು ಹೊಯ್ದು, ಒಡೆದ ಗಟ್ಟಿಗಳನ್ನು ಒಂದೊಂದಾಗಿ ಮತ್ತೆ ಕದಡತೊಡಗಿದಳು. ವಿಭೂತಿ ಹಾಳಾಗುವುದಿಲ್ಲ, ಮತ್ತೆ ಮಡ್ಡಿಯಾಗುತ್ತದೆ. ಹಾಳಾದದ್ದು ದಿನಗಳು.

"ಅಟ್ಟ" ಎಂದರು ತೀರ್ಥಪ್ಪನವರು. "ದೇವರ ಕೋಣೆ ಮೇಲಿನ ಅಟ್ಟದಲ್ಲೇ ಅವಳು ಇಡ್ತಿದ್ದಿದ್ದು. ಅವಳೇ ನಂಗೆ ಹೇಳಿದ್ದಾಳೆ."

ಈ ಸಲ ಚೂರು ತೆಳ್ಳಗೆ ತಟ್ಟಿದ ನೂರಹದಿನೈದು ಗಟ್ಟಿ ಅಟ್ಟ ಹತ್ತಿದವು. ಅಮೂಲ್ಯಾ ತರೀಕೆರೆಗೆ ಹೋಗಿ, ಗಂಡನಿಗೆ ವಾರಕ್ಕಾಗುವಷ್ಟು ಚಟ್ನಿಪುಡಿ ಮಾಡಿಟ್ಟು, ಮತ್ತೆ ಬಂದಳು. ಅಷ್ಟರಲ್ಲಿ ಜಡಿಮಳೆ ಹಿಡಿಯಿತು. ಹಗಲೂ ರಾತ್ರಿ ತುಂತುರು, ಗಾಳಿಯೇ ಇಲ್ಲ. ಎಂಟನೆಯ ದಿನ ತೀರ್ಥಪ್ಪನವರು ಏಣಿ ಹತ್ತಿ ಬಟ್ಟೆ ಸರಿಸಿದರು. ಗಟ್ಟಿಗಳ ಮೈಮೇಲೆ ಹಸಿರು ಬೂಷ್ಟು.

ಇಳಿದು ಬಂದು ಬಾಗಿಲ ಮುಂದೆ ನಿಂತರು. ಹದಿಮೂರನ್ನು ಅಳಿಸಿ ಹನ್ನೆರಡು ಬರೆದರು. ಸೀಮೆಸುಣ್ಣವನ್ನು ಹಿತ್ತಲಿಗೆ ಎಸೆದರು.

"ಅಪ್ಪಾಜಿ, ಬೇಜಾರು ಮಾಡ್ಕೋಬೇಡಿ" ಎಂದ ಸಿದ್ದಲಿಂಗೇಶ್. "ಪೇಟೇಲಿ ಒಳ್ಳೇ ಗಟ್ಟಿ ಸಿಗುತ್ತೆ. ನೂರೊಂದು ತಂದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಅವಳ ಹೆಸರು ಹೇಳಿ ಅಂಗಡಿ ಗಟ್ಟಿ ಹಂಚಲೇನೋ? ಅವಳ ವರ್ಷದ ದಿನ ಮಠದಲ್ಲಿ ನಿಂತು ಸುಳ್ಳು ಹೇಳಲೇನೋ?" ಮುದುಕರ ದನಿ ಸೀಳಿತು. "ಸ್ವಾಮಿಗಳ ಹತ್ರ ಹೋಗಿ ತಪ್ಪಾಯ್ತು, ಆಗಲಿಲ್ಲ ಅಂತ ಕಾಲಿಗೆ ಬೀಳ್ತೀನಿ. ಹೊರಡು, ಗಾಡಿ ತೆಗಿ."

"ಊಟ ಮಾಡಿ ಅಪ್ಪಾಜಿ" ಎಂದಳು ಅಮೂಲ್ಯಾ.

"ಬೇಡ."

ಅಂಗಿ ತೊಟ್ಟರು, ಛತ್ರಿ ಹಿಡಿದರು. ಚಪ್ಪಲಿಗೆ ಕಾಲು ಹಾಕುವಾಗ ಸುಮನಾ ಬಾಗಿಲಿಗೆ ಅಡ್ಡ ಬಂದು ನಿಂತಳು.

"ಮಾವ, ಹೋಗ್ಬೇಡಿ. ಅತ್ತೆ ಎಲ್ಲಿ ಒಣಗಿಸ್ತಿದ್ರು ಅಂತ ನಂಗೊತ್ತು."

ಎಲ್ಲರೂ ತಿರುಗಿದರು.

"ಈರುಳ್ಳಿ ಶೆಡ್ಡಲ್ಲಿ."

ಹೊರಗೆ ಮಳೆಹನಿ ತಗಡಿನ ಮೇಲೆ ಬೀಳುವುದು ಕೇಳುತ್ತಿತ್ತು.

"ಬಿದಿರಿನ ಅಟ್ಟಣಿಗೆ ಮೇಲೆ. ಕೆಳಗಿಂದ ಮೇಲಕ್ಕೆ ಗಾಳಿ ಆಡುತ್ತೆ, ಬಿಸಿಲಿಲ್ಲ, ಥಂಡಿ ಇಲ್ಲ. ಈರುಳ್ಳಿ ಕೊಳೀಬಾರದು ಅಂತ ಕಟ್ಟಿದ ಜಾಗ, ವಿಭೂತಿಗೂ ಅದೇ ಸರಿ ಅಂತಿದ್ರು. ಮೇಲಿನ ಅಂತಸ್ತು ಪ್ರತಿ ವರ್ಷ ಅವರಿಗೆ ಖಾಲಿ ಬಿಡ್ಬೇಕಿತ್ತು. ಒಣಗಿದ ಮೇಲೆ ತಂದು ಅಟ್ಟಕ್ಕೆ ಹಾಕೋರು, ನೀವು ಅಲ್ಲಿಂದ ಇಳಿಸಿಕೊಳ್ತಿದ್ರಿ. 'ನಿಮ್ಮ ಮಾವಂಗೆ ಗೊತ್ತಾದ್ರೆ ವಿಭೂತಿ ಇಡೋದೇ ಬಿಟ್ಟುಬಿಟ್ಟಾರು, ನನ್ನಾಣೆ, ಹೇಳ್ಬೇಡ' ಅಂದಿದ್ರು. ಆಣೆ ಮುರಿದೆ, ಮಾವ. ತಪ್ಪಾಯ್ತು."

"ಸಿದ್ದಲಿಂಗ, ನಿಂಗೂ ಗೊತ್ತಿತ್ತಾ?"

"ಶೆಡ್ಡು ನಂದೇ ಅಲ್ವಾ ಅಪ್ಪಾಜಿ" ಎಂದ ಮಗ, ನೆಲ ನೋಡುತ್ತ.

"ನಂಗೂ ಗೊತ್ತಿತ್ತು ತಾತ" ಎಂದಳು ಧನ್ಯಶ್ರೀ. "ಅಜ್ಜಿ ಅಲ್ಲೇ ಕೂತು ನಂಗೆ ಈರುಳ್ಳಿ ಪಕೋಡ ಕೊಡ್ತಿದ್ರು. ಅವರೂ ತಿನ್ನೋರು."

"ನಂಗೊಬ್ಬಳಿಗೇ ಗೊತ್ತಿಲ್ಲ!" ಅಮೂಲ್ಯಾ ಸೆರಗಿಗೆ ಮೂಗು ಒರೆಸಿಕೊಂಡಳು. "ಹೆತ್ತ ಮಗಳಿಗೇ ಹೇಳಲಿಲ್ಲ ನೋಡಿ."

"ನೀನು ಅಪ್ಪಾಜಿ ಮಗಳು ಕಣೇ. ಒಂದೇ ದಿನಕ್ಕೆ ಬಾಯಿ ಬಿಡ್ತಿದ್ದೆ" ಎಂದ ಅಣ್ಣ.

ತೀರ್ಥಪ್ಪನವರು ದೇವರ ಕೋಣೆಗೆ ಹೋದರು. ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಬಿಳಿ ಬಟ್ಟೆ ಬಿಚ್ಚಿ ಆ ಗಟ್ಟಿಯನ್ನು ಮೂಗಿಗೆ ಹಿಡಿದರು. ಒಣಗಿದ, ಚೂರು ಖಾರದಂಥ ವಾಸನೆ. ಒಂದು ವರ್ಷ, ದಿನ ಬೆಳಗಾದರೆ ಮೂಸಿದ ವಾಸನೆ. ಈಗ ಅದಕ್ಕೆ ಹೆಸರು ಸಿಕ್ಕಿತು. ಈರುಳ್ಳಿ ಸಿಪ್ಪೆ.

ಒಳಗಿನಿಂದ ಬಂದ ಸದ್ದು ಅಳುವೋ ಕೆಮ್ಮೋ ಎಂದು ಹೊರಗಿದ್ದವರಿಗೆ ತಿಳಿಯಲಿಲ್ಲ. ಸುಮನಾ ಇಣುಕಿದಳು. ಮಾವ ಮಣೆಯ ಮೇಲೆ ಕೂತು, ಹೆಗಲು ಕುಣಿಸಿ ನಗುತ್ತಿದ್ದರು. ಕಣ್ಣೀರು ಮೀಸೆಗೆ ಇಳಿದಿತ್ತು.

"ಕಳ್ಳಿ!" ಎಂದರು. "ಮೂವತ್ತು ವರ್ಷ ಈರುಳ್ಳೀನ ಹೊಸಿಲು ದಾಟಿಸಲಿಲ್ಲ ಅಂತ ನಾನು ಬೀಗಿದ್ದೇ ಬೀಗಿದ್ದು. ಅವಳು ದಿನಾ ನನ್ನ ಹಣೆಗೇ ಹಚ್ಚಿದ್ದಾಳೆ!"

ಹೊರಗೆ ಬಂದು ಛತ್ರಿಯನ್ನು ಗೂಟಕ್ಕೆ ತೂಗುಹಾಕಿದರು. "ಏನು ನಿಂತಿದ್ದೀರಿ? ಹನ್ನೆರಡು ದಿನ ಇದೆ. ಶೆಡ್ಡು ಖಾಲಿ ಇದೆಯೇನೋ?"

"ಎಲ್ಲಿಂದ ಅಪ್ಪಾಜಿ? ಹೊಸ ಈರುಳ್ಳಿ ಬಂದು ಮಾಡಿನವರೆಗೂ ತುಂಬಿದೆ. ಮಳೇಲಿ ಹೊರಗೆ ಹಾಕಿದ್ರೆ ಕೊಳೆತುಹೋಗುತ್ತೆ."

"ಹೊರಗೆ ಯಾಕೆ? ಒಳಗೆ ಹಾಕು."

"ಎಲ್ಲಿ ಒಳಗೆ?"

"ಹಜಾರಕ್ಕೆ ಹಾಕು. ನನ್ನ ಮಂಚದ ಕೆಳಗೆ ಹಾಕು. ಬಾ, ನಾನೂ ಬುಟ್ಟಿ ಹಿಡೀತೀನಿ."

ಅಂದು ಸಂಜೆ ಆ ಮನೆಯಲ್ಲಿ ನಡೆದ ಓಡಾಟವನ್ನು ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿದರು. ತಲೆಗೆ ಗೋಣಿ ಹೊದ್ದವರ ಕೈಯಲ್ಲಿ ಬುಟ್ಟಿ ಬುಟ್ಟಿ ಈರುಳ್ಳಿ ಹಿತ್ತಲಿಂದ ಹೊಸಿಲು ದಾಟಿ ಬಂತು. ಹಜಾರ ತುಂಬಿತು, ನಡುಮನೆ ತುಂಬಿತು. ಮುದುಕರ ಮಂಚದ ಕೆಳಗೆ ಕೆಂಪಗೆ ಹಾಸಿಕೊಂಡಿತು. ನಡೆಯಲು ಒಂದಡಿ ದಾರಿ. ಧನ್ಯಶ್ರೀ ಎರಡು ಸಲ ಜಾರಿ ಬಿದ್ದು ಎರಡು ಸಲವೂ ನಕ್ಕಳು. ಬೂಷ್ಟು ಹಿಡಿದ ಗಟ್ಟಿಗಳನ್ನು ಹೆರೆದು, ಕದಡಿ, ಮತ್ತೆ ಸೋಸಿ, ಅಮೂಲ್ಯಾ ಸುಮನಾ ಮೂರನೆಯ ಸಲ ತಟ್ಟಲು ಕೂತರು.

"ಅತ್ತಿಗೆ, ಎಷ್ಟು ದಪ್ಪ?"

"ನಿಂಗೆ ಹೆಂಗೆ ಬೇಕೋ ಹಂಗೆ ತಟ್ಟು ಮಾರಾಯ್ತಿ."

"ಇಲ್ಲ, ಹೇಳಿ. ಅಮ್ಮ ಹೇಳಿದ್ದಷ್ಟೇ ಹೇಳಿ."

ಮಡ್ಡಿ ಸ್ವಲ್ಪ ಚೆಲ್ಲಿಹೋಗಿ ಈ ಸಲ ಬಂದದ್ದು ಸರಿಯಾಗಿ ನೂರೊಂದು. ಮಾರನೆಯ ದಿನದಿಂದ ತೀರ್ಥಪ್ಪನವರು ಗಂಟೆಗೊಮ್ಮೆ ಶೆಡ್ಡಿಗೆ ಹೋಗಿ ಬಂದರು. ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ನಾಲ್ಕನೆಯ ದಿನ ಸದ್ದು ಮಂಕು. ಆರನೆಯ ದಿನ ಟಕ್ ಎಂದಿತು. ಒಂಬತ್ತನೆಯ ದಿನ ಗಟ್ಟಿಗಳು ಹಾಲಿನ ಕೆನೆಯಂತೆ ಬೆಳ್ಳಗೆ, ಒಂದೂ ಬಿರಿಯದೆ ಕೂತಿದ್ದವು. ಅವರು ಹಿತ್ತಲಿನಿಂದಲೇ ಕೂಗಿದರು: "ಬಂದ್ರು! ನಿಮ್ಮಮ್ಮ ಬಂದ್ರು ಕಣ್ರೋ!"

ಸ್ಮರಣೆಯ ದಿನ ಮಠದ ಹಜಾರ ತುಂಬಿ ಜನ ಮೆಟ್ಟಿಲವರೆಗೂ ಕೂತಿದ್ದರು. ಸ್ವಾಮಿಗಳು ಮೊದಲ ಗಟ್ಟಿ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಮೂಗಿನ ಹತ್ತಿರ ತಂದರು.

"ಅದೇ ಗಟ್ಟಿ, ತೀರ್ಥಪ್ಪ. ಅದೇ ಪರಿಮಳ! ಏನು ಸೇರಿಸ್ತೀರಿ ಇದಕ್ಕೆ?"

ಸುಮನಾ ಬುಟ್ಟಿಯ ಬಟ್ಟೆ ಸರಿಪಡಿಸತೊಡಗಿದಳು. ಸಿದ್ದಲಿಂಗೇಶ್ ಬಾಳೆಎಲೆ ಎಣಿಸುವವನಂತೆ ಅತ್ತ ತಿರುಗಿದ.

"ಏನೂ ಸೇರ್ಸಲ್ಲ ಬುದ್ಧಿ" ಎಂದರು ತೀರ್ಥಪ್ಪನವರು, ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ. "ಒಣಗ್ಸೋ ಜಾಗದ ವಾಸನೆ. ನನ್ನ ಮಗನ ಈರುಳ್ಳಿ ಶೆಡ್ಡು. ಅವಳು ಇಷ್ಟು ವರ್ಷ ನಂಗೆ ಹೇಳದೆ ಮಾಡಿದ್ಲು, ನಾನು ಹೇಳಿ ಮಾಡ್ತಿದ್ದೀನಿ."

ಸ್ವಾಮಿಗಳು ಗಟ್ಟಿಯನ್ನು ಮತ್ತೊಮ್ಮೆ ಮೂಸಿ, ಪೀಠ ಅಲುಗುವ ಹಾಗೆ ನಕ್ಕರು. ಆ ಗಟ್ಟಿಯನ್ನೇ ಮೂರು ಬೆರಳಿಗೆ ತೇದು ಹಣೆಗಿಟ್ಟುಕೊಂಡರು. ಹಜಾರವೆಲ್ಲ ನಕ್ಕಿತು.

ಹಂಚುವಿಕೆ ಸಾಗಿತು. ಕೊನೆಯಲ್ಲಿ ಬಂದು ನಿಂತವಳು ಎಮ್ಮೆದೊಡ್ಡಿಯ ಕಾಮಾಕ್ಷಮ್ಮ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಸುಮನಾ ಬುಟ್ಟಿಗೆ ಕೈ ಹಾಕಿದಳು, ಮುಖ ಸಪ್ಪಗಾಯಿತು. ಗಾಡಿಯ ಕುಲುಕಿಗೆ ಒಂದು ಗಟ್ಟಿ ಎರಡು ಹೋಳಾಗಿತ್ತು. "ಮಾವ, ನೂರೇ ಆಯ್ತು."

"ಇರ್ಲಿ ಬಿಡಿ, ನಂಗೇನು" ಎಂದಳು ಕಾಮಾಕ್ಷಮ್ಮ.

ತೀರ್ಥಪ್ಪನವರು ಜೇಬಿಗೆ ಕೈ ಹಾಕಿದರು. ಬಿಳಿ ಬಟ್ಟೆಯ ಗಂಟು. ಅದು ದಿನವಿಡೀ ಅವರ ಜೊತೆಯಲ್ಲಿರಲೆಂದು ತಂದದ್ದು. ಬಿಚ್ಚಿದರು. ಮೂಸಲಿಲ್ಲ. ಕಾಮಾಕ್ಷಮ್ಮನ ಅಂಗೈ ಮೇಲಿಟ್ಟರು.

"ಇದು ನಿಮ್ಮ ಅಮ್ಮಾರ ಕೈಯದ್ದೇ. ನಿಮ್ಮ ಮನೇಲಿ ಉಂಡ ಕೈ."

ಸಂಜೆ ಗಾಡಿ ಅಜ್ಜಂಪುರದ ದಾರಿ ಹಿಡಿದಾಗ ಆಕಾಶ ತೊಳೆದಿಟ್ಟಂತಿತ್ತು. ತೀರ್ಥಪ್ಪನವರಿಗೆ ತಟ್ಟನೆ ಜ್ಞಾಪಕವಾಯಿತು: ಅಂಗಡಿಯದು ಬಿಟ್ಟರೆ ಮನೆಯಲ್ಲಿ ಈಗ ಒಂದು ಗಟ್ಟಿಯೂ ಇಲ್ಲ.

"ಸುಮನಾ, ನಾಳೆ ಪೂಜೆಗೆ ಏನು ಮಾಡೋದಮ್ಮ?"

ಸುಮನಾ ಬುಟ್ಟಿಯ ತಳದಿಂದ ಎರಡು ಹೋಳು ತೆಗೆದು ಕೊಟ್ಟಳು. ಅವರು ಒಂದಕ್ಕೊಂದು ಜೋಡಿಸಿ ನೋಡಿದರು. ಮೂಗಿಗೆ ಹಿಡಿದರು, ಬಹಳ ಹೊತ್ತು.

"ಇದು ಯಾರು ತಟ್ಟಿದ್ದು?"

"ನಾನೇ ಮಾವ. ಸ್ವಲ್ಪ ದಪ್ಪವಾಯ್ತು ಅಂತ ಕಾಣುತ್ತೆ."

"ಇಲ್ಲ. ಸರಿಯಾಗಿದೆ" ಎಂದು ಅವರು ಹೋಳುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.